ಎಷ್ಟು ನೂಲು

ಹನ್ನೊಂದು ಎಕ್ಸ್‌ರೇ ತಂದಿದ್ದ ಫರಸಿ ಸಾಯಿಬಣ್ಣ,
ಬಟ್ಟೆ ಅಂಗಡಿಯ ಕೈಚೀಲದಲ್ಲಿ.
ಹನ್ನೊಂದರಲ್ಲೂ ಮೊಣಕಾಲು
ಹಬ್ಬಕ್ಕೆ ಬೆಳಗಿಟ್ಟ ತಂಬಿಗೆಯ ಹಾಗೆ ಬೆಳ್ಳಗೆ, ನೆಟ್ಟಗೆ.
ಹನ್ನೊಂದು ಸಲವೂ ಒಂದೇ ಮಾತಂತೆ:
"ಕೂಡಿಸಿದ್ದು ಚೊಲೋ ಅದ. ಬ್ಯಾನಿ ನಿನ್ನ ತಲ್ಯಾಗ ಅದ."
"ತಲಿಲೆ ನಡೀತಾರೇನ್ರಿ ಅಕ್ಕಾರ?" ಎಂದು ನನ್ನ ಕೇಳಿದ.

ಹೊರಗೆ ಕಲಬುರಗಿಯ ಮೇ ತಿಂಗಳು. ಒಳಗೆ ಎಸಿ,
ಹೊಸ ಟೈಲ್ಸು, ಸರದಿಯ ಚೀಟಿ.
ಕುಳಿತಲ್ಲೇ ಕೋಲಿನಿಂದ ನೆಲ ತಟ್ಟಿದ, ಟಕ್, ಟಕ್,
ಮೂರನೆಯದಕ್ಕೆ ಕಿವಿ ವಾಲಿಸಿ
"ಇದರ ಬುಡಕ ಪೊಳ್ಳದ," ಅಂದ.
ಕಸ ಹೊಡೆಯುವ ಝರೀನಾ ಪೊರಕೆ ನಿಲ್ಲಿಸಿದಳು:
ಬಕೆಟ್ಟು ಇಟ್ಟಾಗಲೆಲ್ಲ ಸದ್ದು ಮಾಡುವ ಟೈಲು ಅದೇ.

ನಲವತ್ತು ವರ್ಷ ಶಹಾಬಾದ ಕಲ್ಲಿನ ಮೇಲೆ
ಕುಕ್ಕರಗಾಲಲ್ಲಿ ಕೂತು ಹಿಂದೆ ಹಿಂದೆ ಸರಿದವನು,
ಯಾರದೋ ಪಡಸಾಲೆ, ಯಾರದೋ ದೇವರಮನೆ,
ರಸಮಟ್ಟದ ಗುಳ್ಳೆ ನಡುವೆ ಬಂದು ನಿಲ್ಲುವ ತನಕ
ಬೀಡಿ ಹಚ್ಚದವನು.

ಸಿ.ಟಿ. ಮೇಜಿನ ಮೇಲೆ ಮಲಗಿಸಿ
ಅಲುಗದಂತೆ ಪಾದಗಳಿಗೆ ಟೇಪು ಸುತ್ತಿದೆ.
"ಹೆಬ್ಬೆರಳು ಕಟ್ಟಬ್ಯಾಡ್ರಿ, ಇನ್ನಾ ಜೀವ ಅದ," ನಕ್ಕ.
ಚಪ್ಪೆ, ಮೊಣಕಾಲು, ಹರಡು.
ಲೋಹದ ಸುತ್ತ ಬಿಳಿ ಗೆರೆಗಳು ಸಿಡಿದು
ಮೊದಲು ಕಣ್ಣು ಕಟ್ಟುತ್ತವೆ. ತಾಳಬೇಕು.
ಸಿಡಿತ ಇಳಿಸಿ, ಎಲುಬಿನ ಗುಬುಟಿನಿಂದ ಒಂದು ಗೆರೆ,
ಲೋಹದ ಅಂಚಿನಿಂದ ಇನ್ನೊಂದು.
ಒಂಬತ್ತು ಡಿಗ್ರಿ ಒಳಕ್ಕೆ ತಿರುಗಿದೆ.
ಎದುರಿಗೆ ನಿಂತು ತೆಗೆದ ಯಾವ ಚಿತ್ರಕ್ಕೂ ಕಾಣದ ತಿರುವು.

ಹೇಳುವ ಹಾಗಿಲ್ಲ ನಾನು. ಬರೆಯುವವರು ಡಾಕ್ಟರು,
ರಿಪೋರ್ಟು ನಾಳೆ ಸಂಜೆ ಐದಕ್ಕೆ.

"ಎಷ್ಟು ನೂಲು ತಪ್ಯಾದ?" ಅಂದ, ಚಪ್ಪಲಿ ಹುಡುಕುತ್ತ.
ಸುಮ್ಮನಿದ್ದೆ.
ಮೇಜಿನ ಮೇಲಿನ ರಿಜಿಸ್ಟರು ಮಾತ್ರ
ನನ್ನ ಕೈ ತಾಗಿ ತುಸು ಓರೆಯಾಯಿತು;
ಸರಿಪಡಿಸಲಿಲ್ಲ.

ನೋಡಿದ. ಬಹಳ ಹೊತ್ತು ಅದನ್ನೇ ನೋಡಿದ.
"ಹದಿನಾಕು ತಿಂಗಳು, ನನ್ನ ಹೆಣ್ತಿ ಸುದ್ದಾ ನಂಬಿದ್ದಿಲ್ರಿ,"
ಎಂದವನ ದನಿ ಗೆದ್ದವನ ಹಾಗೂ ಇತ್ತು.
ಆಮೇಲೆ ಕೋಲೂರಿ ಎದ್ದು, ಬಾಗಿಲ ಬಳಿ ನಿಂತು,
"ಆದ್ರ ಅಕ್ಕಾರ, ಹಾಕಿದ ಫರಸಿ ಎಬ್ಬಿಸ್ಲಕ ಹೋದ್ರ
ಅಂಚು ಉಳಿಯಂಗಿಲ್ಲ."

ಪೊಳ್ಳು ಟೈಲು ತಪ್ಪಿಸಿ ಕಾಲಿಟ್ಟ.