ಕುಂಡ ಹದಿನೇಳು

ಕೊಣಾಜೆಯ ಗುಡ್ಡದ ಮೇಲೆ, ಮುರಕಲ್ಲು ಕಾದ ಏಪ್ರಿಲಿನಲ್ಲಿ
ಅಲಸಂಡೆಯ ನಲವತ್ತು ಕುಂಡ.
ಇಪ್ಪತ್ತಕ್ಕೆ ದಿನಾ ನೀರು. ಇಪ್ಪತ್ತಕ್ಕೆ ಇಲ್ಲ.
ಯಾರಿಗಿಲ್ಲ ಎಂದು ಚೀಟಿ ಎತ್ತಿದವಳು ನಾನೇ.

ಐದನೆಯ ದಿನ ಹದಿನೇಳು ಬಾಯಿ ಮುಚ್ಚಿತು.
ಎಲೆಯಡಿಯ ಸಾವಿರ ಸಾವಿರ ಬಾಯಿ, ಒಟ್ಟಿಗೆ.
ಬೇರಿನಿಂದ ಸುದ್ದಿ ಏರಿ ಬಂದಿರಬೇಕು:
ಕೆಳಗೆ ಏನೂ ಇಲ್ಲ,
ಇದ್ದುದನ್ನು ಉಸಿರಲ್ಲಿ ಕಳೆಯಬೇಡ.
ಮುಚ್ಚಿದರೆ ನೀರು ಉಳಿದೀತು, ಗಾಳಿ ಸಿಗದು;
ಗಾಳಿ ಸಿಗದೆ ಒಲೆ ಉರಿಯದು.
ಅದಕ್ಕೆ ಬೆಳಿಗ್ಗೆ ಏಳರಿಂದ ಒಂಬತ್ತು, ಅಷ್ಟೇ ತೆರೆಯುತ್ತಿತ್ತು.
ತುಂಬೆಯಲ್ಲಿ ನೀರಿಳಿದ ಮೇಲೆ
ನಮ್ಮ ಬಾಡಿಗೆ ಮನೆಯ ನಲ್ಲಿಯೂ ಅದೇ ಹೊತ್ತಿಗೆ.

ಒಂಬತ್ತನೆಯ ದಿನ ಎಲೆಗಳು ಬಿಸಿಲಿಗೆ ಮುಖ ಕೊಡದೆ
ಓರೆ ನಿಂತವು, ಮಾತುಬಿಟ್ಟ ನೆಂಟರ ಹಾಗೆ.
ಪಕ್ಕದಲ್ಲಿ ನೀರುಂಡವು
ಕೋಲಿಗೆ ಜೋತು, ಮೈ ಅಗಲಿಸಿ,
ಏನೂ ಗೊತ್ತಿಲ್ಲದ ಹಸಿರು.

ಹನ್ನೊಂದಕ್ಕೆ ಎಲೆ ಕೊಯ್ದೆ. ಆಮ್ಲದಲ್ಲಿ ಅರೆದೆ,
ನಿನ್‌ಹೈಡ್ರಿನ್ ಬೆರೆಸಿ ಕುದಿವ ನೀರಲ್ಲಿ ಒಂದು ಗಂಟೆ.
ಟಾಲ್ಯುಯಿನ್ ಹೊಯ್ದು ಕುಲುಕಿದಾಗ
ಮೇಲೆ ತೇಲಿ ಬಂತು ಬಣ್ಣ:
ಒಂದನೆಯ ಕುಂಡದ್ದು ತೊಳೆದು ಮಾಸಿದ ಗುಲಾಬಿ,
ಹದಿನೇಳರದ್ದು ಪುನರ್ಪುಳಿ ಸಾರು.
ಪ್ರೋಲೀನ್, ಎಂಟು ಪಟ್ಟು, ಎಂದು ಬರೆದೆ.
ಬೆಳೆಯಲೆಂದು ಇಟ್ಟದ್ದನ್ನು
ಉಳಿಯಲೆಂದು ಕರಗಿಸಿದ ಲೆಕ್ಕ ಅದು.

'ಕೆಂಪು ಚಂದ ಉಂಟಲ್ಲ,' ಎಂದರು ಐರಿನ್‌ಬಾಯಿ
ಬಕೆಟ್ಟು ಎತ್ತುತ್ತ.
ಒಂದು ಲೀಟರು ಶುದ್ಧ ನೀರು ಭಟ್ಟಿ ಇಳಿಸಲು
ಹತ್ತು ಲೀಟರು ಮೋರಿಗೆ ಬಿಡುವ ಯಂತ್ರ ನಮ್ಮದು.
ಆ ಹತ್ತಕ್ಕೆ ಅವರು ಬಕೆಟ್ಟು ಒಡ್ಡುತ್ತಾರೆ.
ಗಾಜಿನ ಪಾತ್ರೆಗೆ, ನೆಲಕ್ಕೆ,
ಉಳಿದದ್ದು ಎರಡು ಕ್ಯಾನಿನಲ್ಲಿ ನಾಲ್ಕೂವರೆಯ ಬಸ್ಸಿಗೆ.
'ಬೆಚ್ಚಗೆ ಉಂಟು ಮಾರಾಯ್ತಿ, ಮೀಯಲಿಕ್ಕೆ ಆಯಿತು.'
ನನ್ನ ಪ್ರಬಂಧದ ಯಾವ ಕೋಷ್ಟಕದಲ್ಲೂ ಈ ಹತ್ತು ಇಲ್ಲ.

ಹನ್ನೆರಡನೆಯ ದಿನ ನೀರು ಕೊಟ್ಟೆ.
ಸಂಜೆಗೆ ಹದಿನೇಳು ತಲೆ ಎತ್ತಿತು,
ಎತ್ತಿತು ಅಷ್ಟೇ; ಹಳೆಯ ಎಲೆ ಹಿಗ್ಗಲಿಲ್ಲ.
ಹೊಸತು ಬಂದದ್ದು ಚಿಕ್ಕದು, ದಪ್ಪ, ನಂಬಿಕೆಯಿಲ್ಲದ್ದು.
ಉಳಿದವಕ್ಕಿಂತ ವಾರ ಮುಂಚೆ ಹೂ.
ಒಂದೇ ಕೋಡು.

ಜೂನಿನಲ್ಲಿ, ಹೊರಗೆ ಮಳೆ ತಗಡು ಬಡಿಯುವಾಗ,
ಕುಂಡ ಕವುಚಿದೆ. ಮಣ್ಣು ಕಡಿಮೆ, ಬೇರೇ ಹೆಚ್ಚು:
ತಳ ಮುಟ್ಟಿ, ದಾರಿ ಕಾಣದೆ, ಸುತ್ತಿ ಸುತ್ತಿ
ಕುಂಡದ ಆಕಾರವೇ ಆಗಿತ್ತು.
ಬಿಡಿಸಿ ಅಳೆಯಲು ಮಧ್ಯಾಹ್ನವೆಲ್ಲ ಹಿಡಿಯಿತು.

ಕೋಡಿನಲ್ಲಿ ಏಳು ಬೀಜ. ಆರು ಲಕೋಟೆಗೆ ಹೋದವು.
ಏಳನೆಯದನ್ನು ಐರಿನ್‌ಬಾಯಿ
ಕೇಳದೆಯೇ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.
ನಾನು ರಿಜಿಸ್ಟರಿನಲ್ಲಿ
ಆರು ಎಂದೇ ಬರೆದೆ.