ಗಸಿ

ಎಣ್ಣೆ ಬಂದಾಗ ಕಣ್ಣು ಮುಚ್ಚುವ ಜಾಯಮಾನವಲ್ಲ
ನನ್ನ ಸೋದರಮಾವ ಶಾಬಿಯೆರ್ ಉಗಾಲ್ದೆಯದು.
ನೆವಾಡಾದ ಈ ಬೋಳು ಬಯಲಲ್ಲಿ, ವಿನೆಮಕ್ಕಾದಾಚೆ,
ಯಾರ ಎಂಜಿನ್ ಏನು ಉಗುಳಿದರೂ ಕ್ಯಾನು ಹಿಡಿದು ನಿಂತಿರುತ್ತಾನೆ.
ಶಾಲೆಯ ಬಸ್ಸಿನದು, ಗಣಿಯ ಜೀಪಿನದು,
ಷೆರೀಫನ ಕಾರಿನದು, ಅವನು ಹಿಡಿದ ಕಳ್ಳನ ಕಾರಿನದೂ,
ಎಲ್ಲ ಒಂದೇ ಪೀಪಾಯಿಗೆ, ಒಂದೇ ಕಪ್ಪು.

ಸುರಿದ ಕೂಡಲೇ ಉರಿಸುವಂತಿಲ್ಲ.
ಮೂರು ವಾರ ಅಲುಗಿಸದೆ ಬಿಡಬೇಕು,
ಜಗಳವಾಡಿ ಬಂದವರನ್ನು ಬಿಡುವ ಹಾಗೆ.
ಗಸಿ ತಾನಾಗಿ ತಳ ಹಿಡಿಯುತ್ತದೆ:
ಸವೆದ ಉಕ್ಕಿನ ಪುಡಿ, ಮಸಿ, ಎಲ್ಲಿಂದಲೋ ಸೇರಿದ ನೀರು.
ಮೇಲಿನದನ್ನಷ್ಟೇ ಎಳೆದು
ಅತ್ತೆಯ ಜೀನ್ಸಿನ ಕಾಲಲ್ಲಿ ಒಮ್ಮೆ ಸೋಸಿ
(ಅತ್ತೆ ಇನ್ನೂ ಹುಡುಕುತ್ತಿದ್ದಾಳೆ ಅದನ್ನು)
ಮತ್ತೆ ಕಾಗದದ ಫಿಲ್ಟರಲ್ಲಿ ಎರಡು ಸಲ,
ಐದಕ್ಕೊಂದು ಪಾಲು ಪೆಟ್ರೋಲು ಬೆರೆಸಿ ತೆಳುವಾಗಿಸಿದರೆ
ಎಂಬತ್ತಾರರ ಫೋರ್ಡು ಕುಡಿಯುತ್ತದೆ, ಗೊಣಗದೆ.
ಹೊಸ ಟ್ರಕ್ಕಿಗೆ ಕೊಟ್ಟು ನೋಡಿ,
ಒಂದು ಗುಟುಕಿಗೇ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹೊತ್ತಿ
ಮದುವೆಮನೆ; ದಿಬ್ಬಣ ಮಾತ್ರ ಹೊರಡುವುದಿಲ್ಲ.

ಕೊನೆಯ ಪರೀಕ್ಷೆ ಬಾಣಲೆಯದು.
ಕಾದ ಕಬ್ಬಿಣಕ್ಕೆ ಒಂದು ತೊಟ್ಟು ಬಿಡುತ್ತಾನೆ, ಕಿವಿಗೊಡುತ್ತಾನೆ.
ಸದ್ದಿಲ್ಲದೆ ಹೊಗೆಯಾಡಿದರೆ ಸರಿ.
ಸಾಸಿವೆಯಂತೆ ಚಟಪಟ ಸಿಡಿದರೆ ನೀರಿದೆ.

ಮಾರ್ಚಿನಲ್ಲಿ ಲಾರೇನ್ ಟಿಬೆಟ್ಸ್ ಬಂದಳು
ಹಾಲಿನ ಜಗ್ಗುಗಳಲ್ಲಿ ಗಂಡನ ಬ್ಯೂಯಿಕ್ಕಿನ ಎಣ್ಣೆ ತುಂಬಿಕೊಂಡು.
ದೂರದ ದೊಡ್ಡಿಗಳಿಗೆ ಮೂವತ್ತೊಂದು ವರ್ಷ
ಟಪಾಲು ಒಯ್ದವನು ವೆಂಡೆಲ್.
ಕಾರು ಮಾರುತ್ತಿದ್ದೇನೆ, ಎಂದಳು.
ಇದನ್ನು ಚೆಲ್ಲಲು ಮನಸ್ಸಾಗಲಿಲ್ಲ.
ಡೆನಿಯೊ ಕಡೆ ಹೋಗುವಾಗ ಹಾಕಿಕೋ, ಅವನಿಗೆ ಇಷ್ಟದ ರಸ್ತೆ.
ಐದು ಕ್ವಾರ್ಟು. ಫೋರ್ಡಿಗೆ ಹದಿನೈದು ಮೈಲಿಯ ಮೇವು.

ಅವಳು ಹೋದಮೇಲೆ ಬಾಣಲೆಗೆ ಬಿಟ್ಟರೆ
ಸಿಡಿಯಿತು. ಮಾವನ ಹುಬ್ಬಿಗೂ ಒಂದು ಹನಿ.
ಗ್ಯಾಸ್ಕೆಟ್ ಹೋಗಿದೆ, ಎಂದೆ ನಾನು, ಹೊಸದಾಗಿ ಕಲಿತ ಜಾಣ್ಮೆಯಲ್ಲಿ.
ಬೆರಳಿಗೆ ಹಚ್ಚಿ ಮೂಸಿದ. ಸಿಹಿ ವಾಸನೆಯಿಲ್ಲ, ಅಲ್ಲ, ಎಂದ.
ಎಂಜಿನ್ ಬಿಸಿಯಾಗುವಷ್ಟು ದೂರ ಓಡಿಸಿಲ್ಲ ಅವನು,
ಚಳಿಗಾಲವಿಡೀ.
ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ,
ಆರೇ ಬೀದಿ. ಕಾಯುವುದರೊಳಗೆ ಆರಿಸಬೇಕು.
ಒಳಗಿನ ಉಸಿರು ಒಳಗೇ ಬೆವರಿ ಎಣ್ಣೆಗಿಳಿದಿದೆ.

ಎಸೆಯಬಹುದಿತ್ತು. ದೊಡ್ಡ ಪೀಪಾಯಿಗೆ ಸುರಿದಿದ್ದರೆ
ಯಾರಿಗೂ ತಿಳಿಯುತ್ತಿರಲಿಲ್ಲ.
ಮಾವ ಷೆಡ್ಡಿನ ಒಲೆ ಹಚ್ಚಿ, ಪಾತ್ರೆಗೆ ಬಗ್ಗಿಸಿ,
ಸಣ್ಣ ಉರಿಯಲ್ಲಿ ರಾತ್ರಿಯೆಲ್ಲ ಕಾಯಿಸಿದ,
ಉಕ್ಕಲು ಬಿಡದೆ, ಸೀಯಲು ಬಿಡದೆ,
ಬಾಣಂತಿಗೆ ಕಷಾಯ ಕಾಸುವ ಮುದುಕಿಯ ಹಾಗೆ.
ಆಗಾಗ ಒಂದು ತೊಟ್ಟು, ಆಗಾಗ ಒಂದು ಕಿವಿ.
ಬೆಳಗಿನ ನಾಲ್ಕಕ್ಕೆ ಬಾಣಲೆ ಮಾತಾಡಲಿಲ್ಲ.

ಡೀಸೆಲ್ಲಿನಲ್ಲಿ ಚಾಲೂ ಮಾಡಿ, ಊರು ದಾಟಿ,
ಎಂಜಿನ್ ಚೆನ್ನಾಗಿ ಕಾದಮೇಲೆ
ಸೀಟಿನಡಿಯ ಕವಾಟ ತಿರುಗಿಸಿದ.
ಸೇಜ್ ಪೊದೆಗಳ ಮೇಲೆ ನಮ್ಮ ಹೊಗೆ ಕಾಡಿಗೆಯಂತೆ ಎಳೆಯಿತು.
ಹಿಂದಿದ್ದ ಬಿಳಿ ಕಾರಿನವನು ಹಾರ್ನು ಬಾರಿಸಿ, ಬೈದು, ಮುಂದೆ ಹೋದ.
ಬೈದದ್ದು ನ್ಯಾಯವೇ; ಆ ಹೊಗೆ ಯಾರ ಎದೆಗೂ ಒಳ್ಳೆಯದಲ್ಲ.
ಮಾವ ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು
ದಾರಿಬದಿಯ ಪ್ರತಿ ಟಪಾಲು ಡಬ್ಬಿಯ ಮುಂದೆಯೂ
ವೇಗ ಇಳಿಸಿದ. ನಿಲ್ಲಿಸಲಿಲ್ಲ,
ಬರೀ ಇಳಿಸಿದ.

ಹದಿನಾರನೆಯ ಮೈಲಿಗೆ ಫಿಲ್ಟರು ಕಟ್ಟಿತು.
ಇಳಿದು, ಬಾನೆಟ್ ಎತ್ತಿ, ಹೊಸದನ್ನು ತಿರುಪಿ,
ಹಳೆಯದನ್ನು ನನ್ನ ಕೈಗಿಟ್ಟ.
ಬಿಸಿಯಿತ್ತು, ಮೊಣಕೈತನಕ ಸೋರುತ್ತಿತ್ತು.
ಎಲ್ಲಿಡಲಿ, ಎಂದೆ.
ಹಿಡಿದುಕೋ, ಎಂದ.