ಡಬ್ಬದಲ್ಲಿ ಈರುಳ್ಳಿ

ಕೋಟ್ಕಾ ಬಂದರು, ಫಿನ್‌ಲೆಂಡ್. ೧೯೩೧ರ ಡಿಸೆಂಬರ್.

ಓದುವುದನ್ನು ಪಾದ್ರಿ ಕಲಿಸಿದ್ದ.
ಬರೆಯುವುದನ್ನು ಕಲಿಸಿದ್ದು ಅರ್ಜಿ.
ಪಾನನಿರೋಧ ಸಂಘದ ಕೋಣೆಯಲ್ಲಿ,
ಕಾಫಿ ಕಲೆಯ ಮೇಜಿನ ಮೇಲೆ,
ನೂರಾರು ಹೆಂಗಸರ ಹೆಸರುಗಳ ಕೆಳಗೆ
ಆಲ್ವೀನಾ ಎಂದು ಬರೆದೆ,
ಮೊದಲ ಸಲ, ನಾಲಿಗೆ ಕಚ್ಚಿಕೊಂಡು.

ಯಾಕೆ ಬರೆದೆ ಅಂತ ಈಗ ಕೇಳುತ್ತಾರೆ.
ಆ ಕಾಲದ ಶನಿವಾರ ಕೇಳಬೇಕಿತ್ತು,
ಗರಗಸದ ಗಿರಣಿ ಸಿಳ್ಳೆ ಹಾಕಿದ ಮೇಲೆ,
ಸಂಬಳದ ಕಿಟಕಿಗೂ ಹೆಂಡದಂಗಡಿ ಬಾಗಿಲಿಗೂ ನಡುವೆ
ಸಾಲುಗಟ್ಟಿ ನಿಂತ ನಮ್ಮನ್ನು.
ಕಂಕುಳಲ್ಲಿ ಮಗು, ಕೈಯಲ್ಲಿ ಖಾಲಿ ಚೀಲ.
ಕುಸ್ತಾ ಒಳ್ಳೆಯವನು,
ಸೋಮವಾರದಿಂದ ಶುಕ್ರವಾರದ ತನಕ.
ಒಮ್ಮೆ ಬೂಟನ್ನೂ ಕುಡಿದು ಬಂದ.
ಹಿಮದಲ್ಲಿ ಬರಿಗಾಲ ಗುರುತು ಬಾಗಿಲ ತನಕ ಬಂದು
ಅಲ್ಲಿಂದ ನನ್ನ ಬೆನ್ನ ಮೇಲೆ ಮುಂದುವರಿಯಿತು.

ಆಮೇಲೆ ಅಣ್ಣ ತಮ್ಮನಿಗೆ ಗುಂಡಿಟ್ಟ ವರ್ಷ.
ರೊಟ್ಟಿಯಲ್ಲಿ ಅರ್ಧ ಪೈನ್ ಮರದ ತೊಗಟೆ.
ಕಾಳನ್ನು ಪೀಪಾಯಿಗೆ ಸುರಿಯುವವನನ್ನು
ದೇವರು ಹೇಗೆ ಕ್ಷಮಿಸಿಯಾನು, ಎಂದಳು ಸಂಘದವಳು.
ನಾವು ತಲೆಯಾಡಿಸಿದೆವು.
ಆ ಮಾತಿಗೆ ಇವತ್ತಿಗೂ ಆಡಿಸುತ್ತೇನೆ.

ಕಾಯಿದೆ ಬಂದದ್ದು ಜೂನ್ ಒಂದಕ್ಕೆ,
ರಾತ್ರಿಗೆ ಕತ್ತಲಾಗಲು ಮರೆತುಹೋಗುವ ದಿನಗಳಲ್ಲಿ.
ಕುಸ್ತಾ ಬೇಲಿ ಕಟ್ಟಿದ.
ಶನಿವಾರ ಸೌನಾ ಕಾಸಿ ಮಗನ ಬೆನ್ನು ಉಜ್ಜಿದ.
ಸುಳ್ಳು ಹೇಳಲಾರೆ: ಒಂದು ಬೇಸಿಗೆ, ಮತ್ತೆ ಅರ್ಧ.
ಬೇಲಿ ಇನ್ನೂ ಇದೆ.

ಅಷ್ಟರಲ್ಲಿ ಸಮುದ್ರವೇ ಅಂಗಡಿಯಾಯಿತು.
ಎಸ್ಟೋನಿಯಾ ಕಡೆಯಿಂದ ತಗಡಿನ ಡಬ್ಬ, ಹತ್ತು ಲೀಟರಿನದು,
ತೊಂಬತ್ತಾರು ಪಾಲು ಬೆಂಕಿ, ಉಳಿದದ್ದು ನೀರು.
ಹಗ್ಗಕ್ಕೆ ಪೋಣಿಸಿ ದೋಣಿಯ ಹಿಂದೆ ಎಳೆಯುತ್ತಾರೆ.
ಪೊಲೀಸರ ದೀಪ ಕಂಡರೆ ಹಗ್ಗ ಕಡಿಯುತ್ತಾರೆ.
ಜೊತೆಗೆ ಕಟ್ಟಿದ ಉಪ್ಪಿನ ಮೂಟೆಯ ಭಾರಕ್ಕೆ ಡಬ್ಬ ಮುಳುಗುತ್ತದೆ,
ಉಪ್ಪು ಕರಗಿದ ಮೇಲೆ ತಾನಾಗಿ ಎದ್ದು ತೇಲುತ್ತದೆ.
ಈ ಬುದ್ಧಿ ಯಾರಿಗೆ ಹೊಳೆಯಿತೋ,
ಅವನನ್ನು ಮಂತ್ರಿ ಮಾಡಬೇಕಿತ್ತು.

ಡಾಕ್ಟರು ಕೆಮ್ಮಿಗೆ ಕೋನ್ಯಾಕ್ ಬರೆದುಕೊಟ್ಟರು.
ಊರಿಗೆ ಊರೇ ಕೆಮ್ಮಿತು.
ಹೋಟೆಲಿನಲ್ಲಿ ಗಟ್ಟಿ ಚಹಾ ಎಂದರೆ ಸಾಕು,
ಕಪ್ಪಿನಲ್ಲಿ ಚಹಾದ್ದು ಬಣ್ಣ ಮಾತ್ರ.
ಮೊದಲು ಬೀದಿಯಲ್ಲಿ ಬೀಳುತ್ತಿದ್ದರು, ಎತ್ತಿ ತರಬಹುದಿತ್ತು.
ಈಗ ಸೌದೆಮನೆಯಲ್ಲಿ, ಕವುಚಿಟ್ಟ ದೋಣಿಯಡಿಯಲ್ಲಿ,
ಯಾರಾದರೂ ಬಂದಾರೆಂದು ಗಬಗಬ.
ಕುಸ್ತಾ ಸಿಕ್ಕಿದ್ದು ಮಾರ್ಚಿಯಲ್ಲಿ,
ಹಿಮ ಕರಗಿದಾಗ, ಬೇಲಿಯ ಆಚೆ ಮಗ್ಗುಲಲ್ಲಿ.
ಬೂಟು ಕಾಲಲ್ಲೇ ಇತ್ತು.

ಮಗ ಆರ್ವಿ ಮುಟ್ಟುವುದಿಲ್ಲ.
ತುಟಿಗೆ ಅಂತ ಹೇಳಿದೆ. ಕೈಗೆ ದಿನವೂ.
ಅವನ ದೋಣಿಗೆ ಹೊಸ ಇಂಜಿನ್, ನನಗೆ ಹೊಲಿಗೆ ಯಂತ್ರ.
"ಅಮ್ಮ, ನೀನು ಅಂದು ಹೆಸರು ಬರೆಯದಿದ್ದರೆ
ನನಗೆ ಕೆಲಸವೇ ಇರುತ್ತಿರಲಿಲ್ಲ" ಎಂದು ನಗುತ್ತಾನೆ.
ಸುಂಕದ ಕಚೇರಿಯ ತೌನೋ ಅವನ ಶಾಲೆಯ ಗೆಳೆಯ.
ಇಬ್ಬರೂ ನನ್ನ ಒಲೆಯ ಬಳಿ ಕಾಫಿ ಕುಡಿದು ಹೊರಟು
ಕತ್ತಲಲ್ಲಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸುತ್ತಾರೆ,
ಇಲ್ಲಿಯ ತನಕ
ಗುರಿ ತಪ್ಪಿಸಿ.

ಒಂದು ಡಬ್ಬವನ್ನು ಸೀಳಿ ಕಿಟಕಿಯಲ್ಲಿಟ್ಟಿದ್ದೇನೆ,
ಮಣ್ಣು ತುಂಬಿ, ಈರುಳ್ಳಿ ನೆಟ್ಟು.
ಡಿಸೆಂಬರಿನಲ್ಲೂ ಹಸಿರು ಚಿಗುರು.
ಮೊದಲ ವರ್ಷ ಕೊಯ್ದು ಅನುಮಾನದಿಂದ ಮೂಸಿದ್ದೆ.
ಈರುಳ್ಳಿಯದೇ ವಾಸನೆ.

ಇವತ್ತು ಶಾಲೆಯಲ್ಲಿ ಮತಚೀಟಿ ಕೊಟ್ಟರು.
ಕಾಯಿದೆ ಇರಲಿ.
ಬಿಯರು, ತೆಳು ವೈನು ಮಾತ್ರ ಬರಲಿ.
ಕಾಯಿದೆ ಪೂರ್ತಿ ಹೋಗಲಿ.
ನಾಲ್ಕನೆಯದು ಅಚ್ಚಾಗಿರಲಿಲ್ಲ:
ಆ ಒಂದೂವರೆ ಬೇಸಿಗೆ ಇರಲಿ ಎಂಬುದು.

ಸಾಲಿನಲ್ಲಿ ಹಿಂದೆ ಯಾರೋ ಕೆಮ್ಮಿದರು, ನಿಜವಾದ ಕೆಮ್ಮು.
ದಾರಕ್ಕೆ ಕಟ್ಟಿದ ಪೆನ್ಸಿಲಿನ ಮೊನೆ ಮುರಿದಿತ್ತು,
ಹಲ್ಲಿನಿಂದ ಕಚ್ಚಿ ಚೂಪು ಮಾಡಿದೆ.
ಗೆರೆ ಎಳೆದೆ. ಎಲ್ಲಿ ಎಂದು ಆರ್ವಿಗೂ ಹೇಳಿಲ್ಲ.

ಮನೆಗೆ ಬಂದು, ಬೆಳಕು ಹೋಗುವ ಮುಂಚೆ,
ಬೇಲಿಯ ಸಡಿಲ ಹಲಗೆಗೆ
ಎರಡು ಮೊಳೆ ಹೊಡೆದೆ.